ಕಾರಿನ ಟರ್ಬೊ ಕೆಡುವ ಲಕ್ಷಣಗಳು: ಗುರುತಿಸುವುದು ಹೇಗೆ? ಮಾಡಬೇಕಾದುದೇನು?



ಹಾಲು ಉತ್ಪಾದಕರ ಮನೆಗಳಲ್ಲಿ ಈಗ ದ್ವಿಚಕ್ರ ವಾಹನದ ಜೊತೆಗೆ ಕಾರು ಅಥವಾ ಪಿಕಪ್ ವಾಹನವೂ ಕಾಣಸಿಗುತ್ತದೆ. ಹಿಂಡಿ, ಬೂಸಾ ತರಲು, ಸಂತೆಗೆ ಹೋಗಲು, ರಾತ್ರಿ ವೇಳೆ ಆಸ್ಪತ್ರೆಗೆ ಓಡಲು ಇದೇ ವಾಹನ ಆಧಾರ. ಇಂತಹ ವಾಹನಗಳಲ್ಲಿ ಹಲವು ಡೀಸೆಲ್ ಇಂಜಿನ್ನಿನವು, ಅದರಲ್ಲೂ ಬಹಳಷ್ಟು ಸೆಕೆಂಡ್ ಹ್ಯಾಂಡ್ ಕೊಂಡವು. ಇವುಗಳಲ್ಲಿ ಟರ್ಬೊ ಎಂಬ ಒಂದು ಭಾಗವಿದೆ. ಅದು ಚೆನ್ನಾಗಿರುವಾಗ ಅದರ ಇರುವಿಕೆಯೇ ನಮಗೆ ತಿಳಿಯುವುದಿಲ್ಲ. ಕೆಟ್ಟಾಗ ಕೆಲವೊಮ್ಮೆ ತಾನೊಂದೇ ಹೋಗದೆ ಇಂಜಿನ್ನನ್ನೂ ಕೊಂಡೊಯ್ಯುತ್ತದೆ. ಅಪರೂಪಕ್ಕೆ ಪ್ರಾಣಾಪಾಯಕ್ಕೂ ಕಾರಣವಾಗುತ್ತದೆ.

ಕೆಚ್ಚಲು ಬಾವು ಬಂದ ಹಸುವಿನ ಕೆಚ್ಚಲು ಊದುವ ಮೊದಲೇ ಹಾಲಿನಲ್ಲಿ ಚೂರು ಚೂರು ಗರಣೆ ಕಾಣಿಸಿಕೊಳ್ಳುವುದು ನಮಗೆಲ್ಲ ಗೊತ್ತಿದೆ. ಅದನ್ನು ಅಂದೇ ಗಮನಿಸಿದವನ ಹಸು ಉಳಿಯುತ್ತದೆ. ಟರ್ಬೊ ಸಹ ಕೆಡುವ ಮೊದಲು ಹೀಗೆಯೇ ಸೂಚನೆ ಕೊಡುತ್ತದೆ. ಆ ಸೂಚನೆಗಳನ್ನು ಓದುವುದು ಹೇಗೆ, ಆಗ ಏನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಟರ್ಬೊ ಎಂದರೇನು?

ಇಂಜಿನ್ನಿನಲ್ಲಿ ಇಂಧನ ಉರಿಯಲು ಗಾಳಿ ಬೇಕು. ಹೆಚ್ಚು ಗಾಳಿ ಸಿಕ್ಕಿದರೆ ಹೆಚ್ಚು ಇಂಧನವನ್ನು ಪೂರ್ತಿಯಾಗಿ ಉರಿಸಿ ಹೆಚ್ಚು ಶಕ್ತಿ ಪಡೆಯಬಹುದು. ಸೈಲೆನ್ಸರ್ ಮೂಲಕ ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಬಲದಿಂದ ಇಂಜಿನ್ನಿಗೆ ಗಾಳಿ ತುಂಬುವ ಸಾಧನವೇ ಟರ್ಬೊ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಎಂಬುವರು 1905ರಲ್ಲಿ ಈ ವಿಚಾರಕ್ಕೆ ಪೇಟೆಂಟ್ ಪಡೆದರು.

ಇದರ ರಚನೆ ಸರಳ. ಪೆನ್ಸಿಲ್‌ನಂತಹ ಸಣ್ಣ ದಂಡ, ಅದರ ಒಂದು ತುದಿಯಲ್ಲಿ ಹೊಗೆಯಿಂದ ತಿರುಗುವ ಚಕ್ರ, ಇನ್ನೊಂದು ತುದಿಯಲ್ಲಿ ಗಾಳಿ ಒತ್ತುವ ಚಕ್ರ. ಏರ್ ಫಿಲ್ಟರಿನಿಂದ ಬಂದ ಗಾಳಿ ಇಲ್ಲಿ ಒತ್ತಲ್ಪಟ್ಟು ಬಿಸಿಯಾಗುತ್ತದೆ. ನಂತರ ಇಂಟರ್‌ಕೂಲರ್ ಎಂಬ, ರೇಡಿಯೇಟರಿನಂತಹ ಭಾಗದಲ್ಲಿ ತಣ್ಣಗಾಗಿ ಇಂಜಿನ್ನಿನೊಳಗೆ ಹೋಗುತ್ತದೆ.

ಕೆನೆ ಬೇರ್ಪಡಿಸುವ ಯಂತ್ರದ ಬಟ್ಟಲು ನಿಮಿಷಕ್ಕೆ ಕೆಲವು ಸಾವಿರ ಸುತ್ತು ತಿರುಗುತ್ತದೆ. ಅದನ್ನೇ ನಾವು ಬಹಳ ವೇಗ ಎನ್ನುತ್ತೇವೆ. ಸಣ್ಣ ಕಾರಿನ ಟರ್ಬೊ ದಂಡ ನಿಮಿಷಕ್ಕೆ 1.5 ರಿಂದ 2 ಲಕ್ಷ ಸುತ್ತು ತಿರುಗುತ್ತದೆ. ಹೊಗೆಯ ಕಡೆಯ ಶಾಖ 700 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಇಷ್ಟು ವೇಗ, ಇಷ್ಟು ಶಾಖದಲ್ಲಿ ಆ ದಂಡವನ್ನು ಕಾಪಾಡುವುದು ಬೇರಿಂಗಿನ ನಡುವೆ ನಿಂತ ಕೂದಲೆಳೆಗಿಂತ ತೆಳುವಾದ ಆಯಿಲ್ ಪೊರೆ. ಈ ಆಯಿಲ್ ಬೇರೆಲ್ಲಿಂದಲೋ ಬರುವುದಲ್ಲ, ಇಂಜಿನ್ ಆಯಿಲೇ. ಆದುದರಿಂದ ಆಯಿಲ್ ಕೆಟ್ಟರೆ ಮೊದಲು ಪೆಟ್ಟು ಬೀಳುವ ಭಾಗಗಳಲ್ಲಿ ಟರ್ಬೊ ಒಂದು ಎಂಬುದನ್ನು ಮರೆಯಬಾರದು.

ಒಂದು ಉದಾಹರಣೆ

ನಮ್ಮ ಹಳ್ಳಿಗಳಲ್ಲಿ ಬಹಳ ಪರಿಚಿತವಾದ ಮಾರುತಿ ಸ್ವಿಫ್ಟ್ ಡೀಸೆಲ್ ಕಾರು 2007ರಲ್ಲಿ ಮಾರುಕಟ್ಟೆಗೆ ಬಂತು. ಅದರ 1,248 ಸಿ.ಸಿ. ಇಂಜಿನ್ ಫಿಯಟ್ ಕಂಪನಿಯ ವಿನ್ಯಾಸ. ಇದೇ ಇಂಜಿನ್ ಡಿಜೈರ್ ಕಾರಿನಲ್ಲಿಯೂ ಇತ್ತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದಾಗ ಮಾರುತಿ ಕಂಪನಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಹಾಗಾಗಿ ಇಂದು ಓಡುತ್ತಿರುವ ಇಂತಹ ಕಾರುಗಳೆಲ್ಲ ಹಲವು ವರ್ಷ ಹಳೆಯವು. ಈ ಸಣ್ಣ ಇಂಜಿನ್ 75 ಅಶ್ವಶಕ್ತಿ ಕೊಡುವುದು ಟರ್ಬೊ ಇರುವುದರಿಂದ. ಇದರಲ್ಲಿ ಹಿಡಿಯುವ ಆಯಿಲ್ ಸುಮಾರು 3 ಲೀಟರ್ ಮಾತ್ರ. ಅದರಲ್ಲಿ ಒಂದು ಲೀಟರ್ ಕಡಿಮೆಯಾದರೆ ಮೂರರಲ್ಲಿ ಒಂದು ಪಾಲು ಹೋದಂತೆ.

ಎಲ್ಲ ವಾಹನಗಳಿಗೂ ಟರ್ಬೊ ಇರುವುದಿಲ್ಲ. 2005ರಲ್ಲಿ ಬಂದ ಮೊದಲ ಟಾಟಾ ಏಸ್ ವಾಹನದ ಎರಡು ಸಿಲಿಂಡರ್ ಇಂಜಿನ್ನಿಗೆ ಟರ್ಬೊ ಇರಲಿಲ್ಲ. ಅನೇಕ ಟ್ರ್ಯಾಕ್ಟರುಗಳಿಗೂ ಇಲ್ಲ. ಇತ್ತೀಚಿನ ಕೆಲವು ಪೆಟ್ರೋಲ್ ಕಾರುಗಳಿಗೆ ಇದೆ. ನಿಮ್ಮ ವಾಹನದ ಕೈಪಿಡಿ ನೋಡಿ ಅಥವಾ ಮೆಕ್ಯಾನಿಕ್‌ನಿಂದ ಕೇಳಿ ಖಚಿತಪಡಿಸಿಕೊಳ್ಳಿ.

ಟರ್ಬೊ ಏಕೆ ಕೆಡುತ್ತದೆ?

ಟರ್ಬೊ ತಾನಾಗಿ ಕೆಡುವುದು ಕಡಿಮೆ. ಸಾಮಾನ್ಯವಾಗಿ ಕಾರಣ ಬೇರೆಡೆ ಇರುತ್ತದೆ.

1. ಆಯಿಲ್ ಕೊರತೆ: ಆಯಿಲ್ ಮಟ್ಟ ಇಳಿದಿರುವುದು, ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪು ಕಟ್ಟಿಕೊಂಡಿರುವುದು. ಕೆಲವೇ ಸೆಕೆಂಡು ಆಯಿಲ್ ಇಲ್ಲದೆ ಜೋರಾಗಿ ತಿರುಗಿದರೂ ಬೇರಿಂಗ್ ಸವೆಯುತ್ತದೆ.

2. ಆಯಿಲ್ ಕೊಳೆ: ಬದಲಿಸುವ ಅವಧಿ ಮೀರಿದ ಆಯಿಲ್ ಮಡ್ಡಿಗಟ್ಟುತ್ತದೆ. ಅದರಲ್ಲಿರುವ ಮಸಿ, ಲೋಹದ ಕಣಗಳು ಬೇರಿಂಗನ್ನು ಗೀರುತ್ತವೆ.

3. ಬಿಸಿಯಲ್ಲೇ ಇಂಜಿನ್ ನಿಲ್ಲಿಸುವುದು: ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಭಾರ ಹೊತ್ತು ಹತ್ತಿ ಬಂದು, ಹೋಟೆಲ್ ಮುಂದೆ ನಿಲ್ಲಿಸಿದ ಕೂಡಲೇ ಕೀ ತಿರುಗಿಸುವವರಿದ್ದಾರೆ. ಇಂಜಿನ್ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ. ಕಾದ ಟರ್ಬೊದೊಳಗೆ ನಿಂತ ಆಯಿಲ್, ಬಾಣಲೆಯ ತಳದಲ್ಲಿ ಸೀದ ಹಾಲಿನಂತೆ ಕರಿ ಹಿಡಿಯುತ್ತದೆ. ದಿನವೂ ಹೀಗಾದರೆ ಆಯಿಲ್ ದಾರಿಯೇ ಮುಚ್ಚಿಹೋಗುತ್ತದೆ.

4. ಧೂಳು ಮತ್ತು ಹೊರವಸ್ತು: ಹರಿದ ಏರ್ ಫಿಲ್ಟರ್ ಮೂಲಕ ಬರುವ ಧೂಳು ಗಾಳಿ ಚಕ್ರದ ಅಲಗುಗಳನ್ನು ಸವೆಸುತ್ತದೆ. ಫಿಲ್ಟರ್ ಬದಲಿಸುವಾಗ ಒಳಗೆ ಬಿದ್ದ ಒಂದು ಸಣ್ಣ ನಟ್ಟು ಆ ವೇಗದಲ್ಲಿ ಗುಂಡಿನಂತೆ ಬಡಿಯುತ್ತದೆ.

5. ಗಾಳಿ ಸೋರಿಕೆ: ಟರ್ಬೊದಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಪೈಪು ಸೀಳಿದರೆ, ಒತ್ತಡ ತುಂಬಲು ಟರ್ಬೊ ಮಿತಿಮೀರಿ ತಿರುಗಿ ಬೇಗ ಸವೆಯುತ್ತದೆ.

ಗಮನಿಸಬೇಕಾದ ಲಕ್ಷಣಗಳು

ಎಳೆತ ಕಡಿಮೆಯಾಗುವುದು: ಮೊದಲು ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ದಿಣ್ಣೆಗೆ ಈಗ ಮೂರನೇ ಅಥವಾ ಎರಡನೇ ಗೇರು ಬೇಕಾಗುತ್ತದೆ. ಖಾಲಿ ವಾಹನದಲ್ಲಿ ತಿಳಿಯದಿದ್ದರೂ ನಾಲ್ಕು ಮೂಟೆ ಹಿಂಡಿ ಹೇರಿದಾಗ ಚೆನ್ನಾಗಿ ತಿಳಿಯುತ್ತದೆ.

ಶಬ್ದ: ಸಣ್ಣಗೆ ಶಿಳ್ಳೆಯಂತಹ ಸದ್ದು ಹಲವು ಟರ್ಬೊಗಳಿಗೆ ಸಹಜ. ಅದು ದಿನದಿಂದ ದಿನಕ್ಕೆ ಜೋರಾಗಿ ಸೈರನ್ನಿನಂತೆ ಏರಿಳಿಯತೊಡಗಿದರೆ ಬೇರಿಂಗ್ ಸವೆದು ಚಕ್ರ ಗೋಡೆಗೆ ತಗಲುತ್ತಿರಬಹುದು. ಟ್ಯೂಬಿನಿಂದ ಗಾಳಿ ಹೋದಂತೆ 'ಬುಸ್' ಎಂಬ ಸದ್ದು ಬಂದರೆ ಪೈಪು ಸೋರುತ್ತಿದೆ ಎಂದು ಶಂಕಿಸಬಹುದು.

ಹೊಗೆ: ಕಪ್ಪು ಹೊಗೆ ಬಂದರೆ ಇಂಧನಕ್ಕೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಅಥವಾ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಅದು ಸಾಮಾನ್ಯವಾಗಿ ಟರ್ಬೊ ದೋಷವಲ್ಲ.

ಆಯಿಲ್ ಖರ್ಚು: ಕೆಳಗೆ ಎಲ್ಲಿಯೂ ಸೋರದೆ ಆಯಿಲ್ ಮಟ್ಟ ಇಳಿಯುತ್ತಿದ್ದರೆ ಅದು ಎಲ್ಲೋ ಉರಿಯುತ್ತಿದೆ ಎಂದರ್ಥ.

ಎಚ್ಚರಿಕೆ ದೀಪ: ಎಲೆಕ್ಟ್ರಾನಿಕ್ ನಿಯಂತ್ರಣದ ಇಂಜಿನ್ನುಗಳಲ್ಲಿ ಗಾಳಿಯ ಒತ್ತಡ ವ್ಯತ್ಯಾಸವಾದರೆ ಇಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದೆ. ಆಗ ಇಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳಬಹುದು.

ಟರ್ಬೊದ್ದೇ ತಪ್ಪು ಎನ್ನುವ ಮುನ್ನ

ಎಳೆತ ಇಲ್ಲವೆಂದ ಕೂಡಲೇ ಟರ್ಬೊ ಬದಲಿಸಲು ಹೊರಡಬಾರದು. ಕಡಿಮೆ ಖರ್ಚಿನ ಕಾರಣಗಳನ್ನು ಮೊದಲು ಕ್ರಮವಾಗಿ ತಳ್ಳಿಹಾಕಬೇಕು.

ಆಕ್ಸಿಲೇಟರ್ ಒತ್ತಿದಾಗ ಇಂಜಿನ್ ಜೋರಾಗಿ ಕೂಗಿ, ವಾಹನದ ವೇಗ ಮಾತ್ರ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಇಂಜಿನ್ನೇ ಜೋರಾಗದಿದ್ದರೆ ಏರ್ ಫಿಲ್ಟರ್ ಮತ್ತು ಡೀಸೆಲ್ ಫಿಲ್ಟರ್ ಕಟ್ಟಿದೆಯೇ ನೋಡಬೇಕು. ನಂತರ ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಇಂಜಿನ್ನಿಗೂ ಹೋಗುವ ಹೋಸ್ ಪೈಪು, ಕ್ಲಿಪ್ಪುಗಳನ್ನು ನೋಡಬೇಕು. ಸೀಳಿದ ಜಾಗದ ಸುತ್ತ ಎಣ್ಣೆ ಮೆತ್ತಿದ ಧೂಳು ಕಾಣುತ್ತದೆ. ಆಮೇಲೆ ಟರ್ಬೊ ಒತ್ತಡ ನಿಯಂತ್ರಿಸುವ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ನೋಡಬೇಕು. ಇಲಿ ಕಡಿದ ಒಂದು ಪೈಪಿನಿಂದಲೂ ಎಳೆತ ಪೂರ್ತಿ ಹೋಗಬಹುದು.

ಹೋಸ್ ಪೈಪಿನ ಒಳಗೆ ತೆಳುವಾಗಿ ಎಣ್ಣೆ ಪಸೆ ಇರುವುದು ಸಹಜ. ಅದು ಇಂಜಿನ್ನಿನ ಉಸಿರು ಪೈಪಿನಿಂದ ಬರುತ್ತದೆ. ಎಣ್ಣೆ ಮಡುಗಟ್ಟಿ ನಿಂತಿದ್ದರೆ ಮಾತ್ರ ಸಂಶಯಪಡಬೇಕು. ಆಗಲೂ ಇನ್ನೊಂದು ವಿಷಯ ತಿಳಿದಿರಬೇಕು. ಟರ್ಬೊದ ದಂಡಕ್ಕೆ ಇರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂತಹ ಲೋಹದ ಬಳೆ. ಆಯಿಲ್ ವಾಪಸು ಬರುವ ಪೈಪು ಅಥವಾ ಇಂಜಿನ್ನಿನ ಉಸಿರು ಪೈಪು ಕಟ್ಟಿದ್ದರೆ ಹೊಚ್ಚ ಹೊಸ ಟರ್ಬೊ ಕೂಡ ಆಯಿಲ್ ಉಗುಳುತ್ತದೆ. ಇದನ್ನು ಪರೀಕ್ಷಿಸದೆ ಟರ್ಬೊ ಬದಲಿಸಿದರೆ ಹಣವೂ ಹೋಗುತ್ತದೆ, ರೋಗವೂ ಉಳಿಯುತ್ತದೆ.

ಕೊನೆಯ ಪರೀಕ್ಷೆ ದಂಡದ್ದು. ಇಂಜಿನ್ ನಿಲ್ಲಿಸಿ ಪೂರ್ತಿ ತಣ್ಣಗಾದ ಮೇಲೆ ಮೆಕ್ಯಾನಿಕ್ ಗಾಳಿ ಬರುವ ಪೈಪು ಬಿಚ್ಚಿ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತಾನೆ. ಅದು ಹಗುರವಾಗಿ ತಿರುಗಬೇಕು. ಅಕ್ಕಪಕ್ಕಕ್ಕೆ ತುಸು ಅಲುಗಾಡುವುದು ಸಹಜ, ಆದರೆ ಗೋಡೆಗೆ ತಗಲಬಾರದು. ಹಿಂದಕ್ಕೂ ಮುಂದಕ್ಕೂ ಕೈಗೆ ತಿಳಿಯುವಷ್ಟು ಆಟ ಇರಬಾರದು. ಅಲಗುಗಳ ಅಂಚು ಮುರಿದಿರಬಾರದು. ಇಂಜಿನ್ ಚಾಲೂ ಇರುವಾಗ ಯಾವ ಕಾರಣಕ್ಕೂ ಇಲ್ಲಿಗೆ ಕೈ ಹಾಕತಕ್ಕದ್ದಲ್ಲ.

ದಾರಿಯಲ್ಲಿ ಕೆಟ್ಟರೆ

ಎಳೆತ ಮಾತ್ರ ಕಡಿಮೆಯಾಗಿ ಹಳದಿ ದೀಪ ಹತ್ತಿದೆ, ಅಸಹಜ ಶಬ್ದವಿಲ್ಲ, ನೀಲಿ ಹೊಗೆಯಿಲ್ಲ ಎಂದಾದರೆ ಪಕ್ಕಕ್ಕೆ ನಿಲ್ಲಿಸಿ ಆಯಿಲ್ ಕಡ್ಡಿ ತೆಗೆದು ಮಟ್ಟ ನೋಡಿ. ಕೂಲಂಟ್ ಡಬ್ಬಿಯನ್ನು ಹೊರಗಿನಿಂದಲೇ ನೋಡಿ. ಬಿಸಿ ಇರುವಾಗ ಅದರ ಮುಚ್ಚಳ ತೆಗೆಯಬೇಡಿ. ಎರಡೂ ಸರಿ ಇದ್ದರೆ ಇಂಜಿನ್ನನ್ನು ಜೋರು ಮಾಡದೆ ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಬಹುದು. ಲಾರಿ, ಬಸ್ಸುಗಳನ್ನು ಹಿಂದೆ ಹಾಕಲು ಹೋಗಬಾರದು. ಬೇಕಾದಾಗ ವೇಗ ಸಿಗುವುದಿಲ್ಲ.

ಸೈರನ್ನಿನಂತಹ ಶಬ್ದ, ದಟ್ಟ ನೀಲಿ ಹೊಗೆ, ಕೆಂಪು ಆಯಿಲ್ ದೀಪ ಇವುಗಳಲ್ಲಿ ಯಾವುದೇ ಒಂದು ಕಂಡರೂ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿ. "ಇನ್ನು ಐದೇ ಕಿಲೋಮೀಟರ್, ಮನೆ ಮುಟ್ಟಿಬಿಡೋಣ" ಎಂಬ ಯೋಚನೆ ಬೇಡ. ಆ ಐದು ಕಿಲೋಮೀಟರಿನಲ್ಲಿ ಮುರಿದ ಅಲಗಿನ ಚೂರು ಇಂಜಿನ್ನಿನೊಳಗೆ ಹೋಗಬಹುದು ಅಥವಾ ಆಯಿಲ್ ಬತ್ತಿ ಇಂಜಿನ್ ಹಿಡಿದುಕೊಳ್ಳಬಹುದು. ವಾಹನವನ್ನು ಎಳೆಸಿಕೊಂಡು ಹೋಗುವ ಬಾಡಿಗೆ ಇಂಜಿನ್ ರಿಪೇರಿಯ ಮುಂದೆ ಬಹಳ ಕಡಿಮೆ.

ಇಂಜಿನ್ ಹಿಡಿತ ತಪ್ಪಿದರೆ

ಇದು ಅಪರೂಪ, ಆದರೆ ಪ್ರತಿಯೊಬ್ಬ ಡೀಸೆಲ್ ವಾಹನ ಚಾಲಕನೂ ತಿಳಿದಿರಬೇಕಾದ ವಿಷಯ. ಟರ್ಬೊದಿಂದ ಸೋರಿದ ಆಯಿಲ್ ಗಾಳಿಯ ಜೊತೆ ಇಂಜಿನ್ನಿನೊಳಗೆ ಹೋದರೆ ಡೀಸೆಲ್ ಇಂಜಿನ್ ಅದನ್ನೇ ಇಂಧನವಾಗಿ ಉರಿಸುತ್ತದೆ. ಆಕ್ಸಿಲೇಟರ್ ಮೇಲಿಂದ ಕಾಲು ತೆಗೆದರೂ ವೇಗ ಏರುತ್ತದೆ. ಕೀ ತಿರುಗಿಸಿದರೆ ಡೀಸೆಲ್ ನಿಲ್ಲುತ್ತದೆ, ಆಯಿಲ್ ನಿಲ್ಲುವುದಿಲ್ಲ. ಹಿಂದಿನಿಂದ ದಟ್ಟ ಹೊಗೆ ಬರುತ್ತದೆ. ಹೆದರದೆ ಕೆಳಗಿನಂತೆ ಮಾಡಬೇಕು.

1. ವಾಹನ ಓಡುತ್ತಿದ್ದರೆ ಕ್ಲಚ್ಚು ಒತ್ತಬೇಡಿ, ನ್ಯೂಟ್ರಲ್ ಮಾಡಬೇಡಿ. ಹೊರೆ ತಪ್ಪಿದ ಇಂಜಿನ್ ಇನ್ನಷ್ಟು ಓಡುತ್ತದೆ. ಗೇರಿನಲ್ಲೇ ಇಟ್ಟು ಬ್ರೇಕನ್ನು ಬಲವಾಗಿ ಒತ್ತಿ, ರಸ್ತೆ ಬದಿಗೆ ತಂದು, ಇಂಜಿನ್ ಉಸಿರುಗಟ್ಟಿ ನಿಲ್ಲುವಂತೆ ಮಾಡಿ.

2. ನಿಂತ ವಾಹನದಲ್ಲಿ ಹೀಗಾದರೆ ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಕಾಲಿನ ಬ್ರೇಕು ಮತ್ತು ಕೈ ಬ್ರೇಕು ಎರಡನ್ನೂ ಬಿಗಿಯಾಗಿ ಹಿಡಿದು, ನಾಲ್ಕನೇ ಅಥವಾ ಐದನೇ ಗೇರಿಗೆ ಹಾಕಿ ಕ್ಲಚ್ಚನ್ನು ಒಮ್ಮೆಗೇ ಬಿಡಿ. ಇಂಜಿನ್ ನಿಲ್ಲುತ್ತದೆ.

3. ಕೀಯನ್ನೂ ಆಫ್ ಮಾಡಿ. ಕೆಲವು ಹೊಸ ಇಂಜಿನ್ನುಗಳಲ್ಲಿ ಆಗ ಗಾಳಿ ದಾರಿಯೂ ಮುಚ್ಚುತ್ತದೆ. ವಾಹನ ಚಲಿಸುತ್ತಿರುವಾಗ ಕೀಯನ್ನು ಹೊರಗೆ ಎಳೆಯಬಾರದು, ಸ್ಟೇರಿಂಗ್ ಲಾಕ್ ಆದೀತು.

4. ಇಂಜಿನ್ ನಿಲ್ಲದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಬಾನೆಟ್ ಎತ್ತಿ ತಲೆ ಒಡ್ಡಬಾರದು. ಗಾಳಿ ಪೈಪಿಗೆ ಕೈ ಅಥವಾ ಬಟ್ಟೆ ತುರುಕಲು ಹೋಗಬಾರದು. ವೇಗ ಮೀರಿದ ಇಂಜಿನ್ ಒಡೆದು ಚೂರುಗಳು ಸಿಡಿಯಬಹುದು. ಇಂಜಿನ್ ಹೋದರೆ ಹೋಗಲಿ, ಜೀವ ಮುಖ್ಯ.

ಪೆಟ್ರೋಲ್ ಟರ್ಬೊ ಕಾರುಗಳಲ್ಲಿ ಕೀ ತಿರುಗಿಸಿದರೆ ಕಿಡಿಯೇ ನಿಲ್ಲುವುದರಿಂದ ಹೀಗಾಗುವ ಭಯವಿಲ್ಲ.

ಗ್ಯಾರೇಜಿನಲ್ಲಿ ಕೇಳಬೇಕಾದುದು

ಮೊದಲ ಪ್ರಶ್ನೆ, "ಹಳೆಯ ಟರ್ಬೊ ಏಕೆ ಹೋಯಿತು?" ಎಂಬುದು. ಇದಕ್ಕೆ ಉತ್ತರ ಸಿಗದೆ ಹೊಸದನ್ನು ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ನಂತರ ಈ ಕೆಲಸಗಳು ಆಗಿವೆಯೇ ನೋಡಿಕೊಳ್ಳಿ.

ಆಯಿಲ್ ಮತ್ತು ಆಯಿಲ್ ಫಿಲ್ಟರ್ ಹೊಸದು ಹಾಕಬೇಕು. ಟರ್ಬೊಗೆ ಆಯಿಲ್ ಒಯ್ಯುವ ಪೈಪನ್ನು ಬದಲಿಸುವುದು ಒಳ್ಳೆಯದು. ವಾಪಸು ಪೈಪು, ಉಸಿರು ಪೈಪುಗಳನ್ನು ಶುಚಿ ಮಾಡಬೇಕು. ಇಂಟರ್‌ಕೂಲರ್ ಬಿಚ್ಚಿ ಒಳಗೆ ನಿಂತ ಎಣ್ಣೆ ಮತ್ತು ಲೋಹದ ಚೂರುಗಳನ್ನು ತೆಗೆಯಬೇಕು. ಇಲ್ಲದಿದ್ದರೆ ಹೊಸ ಟರ್ಬೊ ಬಂದ ಮೊದಲ ದಿನವೇ ಅವು ಇಂಜಿನ್ನಿನೊಳಗೆ ಹೋಗುತ್ತವೆ. ಆಯಿಲ್ ಪೈಪಿನ ಜೋಡಣೆಗೆ ಗ್ಯಾಸ್ಕೆಟ್ ಅಂಟು ಬಳಿಯಬಾರದು. ಹಿಂಡಿ ಬಂದ ಅಂಟು ಆಯಿಲ್ ದಾರಿ ಮುಚ್ಚುತ್ತದೆ. ಚಾಲೂ ಮಾಡುವ ಮೊದಲು ಟರ್ಬೊದೊಳಗೆ ಶುದ್ಧ ಆಯಿಲ್ ತುಂಬಬೇಕು. ಚಾಲೂ ಆದ ಮೇಲೆ ಕೆಲವು ನಿಮಿಷ ಜೋರು ಮಾಡದೆ ಬಿಡಬೇಕು.

ಒಳಗಿನ ಕೋರ್ ಮಾತ್ರ ಬದಲಿಸಿ ರಿಪೇರಿ ಮಾಡುವುದೂ ಉಂಟು. ಕೋರ್ ಸರಿಯಾಗಿ ಬ್ಯಾಲೆನ್ಸ್ ಆಗಿರಬೇಕು, ಕೆಲಸಕ್ಕೆ ಲಿಖಿತ ಗ್ಯಾರಂಟಿ ಇರಬೇಕು. ಬಿಲ್ ಪಡೆಯಿರಿ, ತೆಗೆದ ಹಳೆಯ ಭಾಗ ಕೇಳಿ ನೋಡಿ.

ದಿನನಿತ್ಯದ ಆರೈಕೆ

ವಾರಕ್ಕೊಮ್ಮೆ, ಸಮತಟ್ಟಾದ ಜಾಗದಲ್ಲಿ, ಇಂಜಿನ್ ತಣ್ಣಗಿರುವಾಗ ಆಯಿಲ್ ಮಟ್ಟ ನೋಡಿ. ಕಡ್ಡಿಯ ಮೇಲಿನ ಗುರುತು ಮೀರಿ ಹಾಕಬೇಡಿ. ಹೆಚ್ಚಾದ ಆಯಿಲ್ ಉಸಿರು ಪೈಪಿನ ಮೂಲಕ ಇಂಜಿನ್ನಿಗೆ ಹೋಗುವ ಅಪಾಯವಿದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ, ಹೇಳಿದ ಅವಧಿಗೆ ಬದಲಿಸಿ. ಕಿಲೋಮೀಟರ್ ಆಗದಿದ್ದರೂ ಹೇಳಿದ ತಿಂಗಳು ಮುಗಿದರೆ ಬದಲಿಸಬೇಕು.

ಬೆಳಿಗ್ಗೆ ಚಾಲೂ ಮಾಡಿದ ಮೇಲೆ ಅರ್ಧ ನಿಮಿಷ ಜೋರು ಮಾಡದೆ ಬಿಡಿ, ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಘಾಟಿ ಹತ್ತಿದ ಮೇಲೆ ಅಥವಾ ಭಾರ ಹೊತ್ತು ವೇಗವಾಗಿ ಬಂದ ಮೇಲೆ ಒಂದೆರಡು ನಿಮಿಷ ಹಾಗೆಯೇ ಬಿಟ್ಟು ನಂತರ ನಿಲ್ಲಿಸಿ. ಹಾಗೆಂದು ಮಾತನಾಡುತ್ತಾ ಅರ್ಧ ಗಂಟೆ ಇಂಜಿನ್ ಚಾಲೂ ಇಡುವುದೂ ಒಳ್ಳೆಯದಲ್ಲ. ಮಸಿ ಕಟ್ಟುತ್ತದೆ, ಡೀಸೆಲ್ಲೂ ದಂಡ.

ಮಣ್ಣು ರಸ್ತೆಯಲ್ಲಿ ಓಡುವ ವಾಹನದ ಏರ್ ಫಿಲ್ಟರನ್ನು ಹೆಚ್ಚು ಸಲ ನೋಡಬೇಕು. ಕಾಗದದ ಫಿಲ್ಟರನ್ನು ಕಲ್ಲಿಗೆ ಬಡಿದು ಅಥವಾ ಪಂಕ್ಚರ್ ಅಂಗಡಿಯ ಜೋರು ಗಾಳಿ ಹಿಡಿದು ಹರಿಯಬೇಡಿ. ಕೊಳೆಯಾದರೆ ಬದಲಿಸಿ. ಇನ್ನೊಂದು ಮಾತು: ದೂರದಿಂದ ಬಂದ ವಾಹನವನ್ನು ಒಣಹುಲ್ಲು, ರಾಗಿ ಹುಲ್ಲಿನ ಮೇಲೆ ನಿಲ್ಲಿಸಬಾರದು. ಟರ್ಬೊ ಮತ್ತು ಸೈಲೆನ್ಸರ್ ಪೈಪಿನ ಶಾಖಕ್ಕೆ ಬೆಂಕಿ ಹತ್ತಿಕೊಂಡರೆ ಬಣವೆಯೂ ಹೋದೀತು, ಕೊಟ್ಟಿಗೆಯೂ ಹೋದೀತು.

ಪ್ರಶ್ನೆ - ಉತ್ತರ

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಳ್ಳುವಾಗ ಟರ್ಬೊ ಹೇಗೆ ಪರೀಕ್ಷಿಸಬೇಕು?
ಉತ್ತರ: ಮೊದಲೇ ಬಿಸಿ ಮಾಡಿಟ್ಟ ಇಂಜಿನ್ ಬೇಡ, ತಣ್ಣಗಿರುವಾಗ ನೀವೇ ಚಾಲೂ ಮಾಡಿ. ಕೀ ಹಾಕಿದಾಗ ಹಳದಿ ದೀಪ ಹತ್ತಿ, ಇಂಜಿನ್ ಚಾಲೂ ಆದ ಮೇಲೆ ಆರಬೇಕು. ಕೀ ಹಾಕಿದಾಗಲೂ ದೀಪ ಹತ್ತದಿದ್ದರೆ ಅದನ್ನು ತೆಗೆದುಹಾಕಿರಬಹುದು. ನಾಲ್ಕು ಜನ ಕುಳಿತು ಒಂದು ದಿಣ್ಣೆ ಹತ್ತಿಸಿ ಎಳೆತ, ಶಬ್ದ, ಹೊಗೆ ಗಮನಿಸಿ. ಆಯಿಲ್ ಬದಲಿಸಿದ ಬಿಲ್ಲುಗಳನ್ನು ಕೇಳಿ.

ಪ್ರಶ್ನೆ: ಟರ್ಬೊ ಕೆಟ್ಟಿದ್ದರೂ ಕಾರು ಓಡುತ್ತಿದೆ. ಹಾಗೆಯೇ ಓಡಿಸಬಹುದೇ?
ಉತ್ತರ: ಬೇಡ. ಚಕ್ರ ಯಾವ ಗಳಿಗೆಯಲ್ಲಿ ಮುರಿಯುವುದೋ, ಆಯಿಲ್ ಯಾವಾಗ ಒಳನುಗ್ಗುವುದೋ ಹೇಳಲಾಗದು.

ನೆನಪಿಡಿ

* ಆಯಿಲ್ ಶುದ್ಧವಾಗಿದ್ದರೆ ಟರ್ಬೊ ಬಾಳುತ್ತದೆ.
* ಕಪ್ಪು ಹೊಗೆ ಕಂಡರೆ ಗಾಳಿ ದಾರಿ ನೋಡಿ. ನೀಲಿ ಹೊಗೆ ಕಂಡರೆ ಇಂಜಿನ್ ನಿಲ್ಲಿಸಿ.
* ಟರ್ಬೊ ಬದಲಿಸುವ ಮೊದಲು ಪೈಪು, ಕ್ಲಿಪ್ಪು, ಫಿಲ್ಟರ್ ನೋಡಿಸಿ.
* ಇಂಜಿನ್ ಹಿಡಿತ ತಪ್ಪಿದರೆ ದೊಡ್ಡ ಗೇರು, ಬಲವಾದ ಬ್ರೇಕು. ನಿಲ್ಲದಿದ್ದರೆ ದೂರ ಸರಿಯಿರಿ.

ಈ ವಿಷಯಗಳನ್ನು ಮನೆಯಲ್ಲಿ ವಾಹನ ಓಡಿಸುವ ಮಕ್ಕಳಿಗೂ, ಸಂಘದ ಹಾಲು ಸಾಗಿಸುವ ವಾಹನದ ಚಾಲಕರಿಗೂ ಓದಿ ಹೇಳಬೇಕಾಗಿ ಕೋರಿಕೆ. ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಒಮ್ಮೆ ಬಾನೆಟ್ ಎತ್ತಿ, ಇಂಜಿನ್ ತಣ್ಣಗಾಗಿದ್ದರೆ ಆಯಿಲ್ ಕಡ್ಡಿ ತೆಗೆದು ನೋಡಿರಿ.